ಉಲ್ಲೇಖವೂ ಪ್ರಾಮಾಣ್ಯವೂ

ತತ್ತ್ವಶಾಸ್ತ್ರದಲ್ಲಿ ಪಿಎಚ್.ಡಿ. ಪದವಿಗಾಗಿ ವ್ಯಾಸಂಗ ಮಾಡುತ್ತಿರುವ ತರುಣನೊಬ್ಬನು ಈಚೆಗೆ ಒಂದು ಸಂಜೆ ನಮ್ಮ ಮನೆಗೆ ಬಂದು, ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟು, ಎರಡು ಸಂಶೋಧನ ಲೇಖನಗಳನ್ನು ಅಕ್ಕಪಕ್ಕದಲ್ಲಿರಿಸಿ ತೋರಿಸಿದನು. ಎರಡೂ ಒಂದೇ ವಿಷಯವನ್ನು ಕುರಿತವು. ಎರಡರ ತೀರ್ಮಾನಗಳೂ ಪರಸ್ಪರ ವಿರುದ್ಧ. ಒಂದರ ಕೆಳಗೆ, ಅದನ್ನು ಎಷ್ಟು ಮಂದಿ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆಂಬುದನ್ನು ಸಾರುವ ದೊಡ್ಡದೊಂದು ಸಂಖ್ಯೆ ಇದ್ದಿತು. ಇನ್ನೊಂದರ ಕೆಳಗೆ ಇದ್ದದ್ದು ಬರಿಯ ಮೂರು. "ಮೇಷ್ಟ್ರೇ, ಇದಕ್ಕೆ ಸೈಟೇಶನ್ ಜಾಸ್ತಿ ಇದೆ. ಇದನ್ನೇ ಹಿಡಿದುಕೊಂಡು ಮುಂದಕ್ಕೆ ಬರೆಯಬಹುದಲ್ಲವೇ?" ಎಂದು ಅವನು ಕೇಳಿದನು. ಅವನ ಪ್ರಶ್ನೆಯಲ್ಲಿ ಸೋಮಾರಿತನವಿರಲಿಲ್ಲ. ಅವನು ನಾಳೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಾಗ ಅವನನ್ನು ಅಳೆಯುವವರೂ ಇದೇ ಕೋಲಿನಿಂದ ಅಳೆಯುವರು. ಆದರೂ ನಾನು ಥಟ್ಟನೆ ಹೌದೆನ್ನಲಾರದೆ ಹೋದೆನು. ಮೇಲ್ನೋಟಕ್ಕೆ ಯಂತ್ರದ ಬಳಕೆಗೆ ಸಂಬಂಧಿಸಿದ್ದೆಂದು ತೋರುವ ಆ ಪ್ರಶ್ನೆಯ ಒಳಗೆ ನಮ್ಮ ದರ್ಶನಗಳ ಒಂದು ಪುರಾತನ ವಿವಾದವು ಕುಳಿತಿದ್ದಿತು: ಜ್ಞಾನವೊಂದು ಪ್ರಮಾಣವೆನಿಸುವುದು ತನ್ನಿಂದ ತಾನೆಯೋ, ಅಥವಾ ತನಗಿಂತ ಹೊರಗಿನ ಬೇರೊಂದರಿಂದಲೋ?

ಆ ವಿವಾದಕ್ಕೆ ಇಳಿಯುವ ಮುನ್ನ ಈ ಸಂಖ್ಯೆಯ ಜಾತಕವನ್ನು ಸ್ವಲ್ಪ ನೋಡುವುದು ಯುಕ್ತ. ಯಾವುದೇ ಲೇಖನದ ಅಡಿಟಿಪ್ಪಣಿಗಳು ಓದುಗನನ್ನು ಹಿಂದಕ್ಕೆ, ಅಂದರೆ ಆ ಲೇಖಕನು ಯಾರಿಂದ ಪಡೆದನೋ ಅವರ ಬಳಿಗೆ, ಕರೆದೊಯ್ಯುತ್ತವೆ. ಆದರೆ ಆ ಲೇಖನದ ಅನಂತರ ಅದನ್ನು ಯಾರು ಎತ್ತಿಕೊಂಡರು, ಯಾರು ತಿದ್ದಿದರು, ಯಾರು ತಳ್ಳಿಹಾಕಿದರು ಎಂಬುದನ್ನು ಅದು ತಾನೇ ಹೇಳಲಾರದು. ಮಗನು ತಂದೆಯ ಹೆಸರನ್ನು ಹೇಳಬಲ್ಲನಲ್ಲದೆ, ಹುಟ್ಟದಿದ್ದ ಮಗನ ಹೆಸರನ್ನು ತಂದೆಯು ಹೇಳಬಲ್ಲನೆ? ಈ ಮುಮ್ಮುಖವಾದ ವಂಶಾವಳಿಯನ್ನು ಮೊದಲು ಬಯಸಿದವರು ವಿಜ್ಞಾನಿಗಳಲ್ಲ, ವಕೀಲರು. ನ್ಯಾಯಾಲಯದಲ್ಲಿ ಹಳೆಯ ತೀರ್ಪೊಂದನ್ನು ಆಧಾರವಾಗಿ ಎತ್ತಿ ಹಿಡಿದ ವಕೀಲನಿಗೆ, ಆ ತೀರ್ಪನ್ನು ಮೇಲಿನ ನ್ಯಾಯಾಲಯವು ಎಂದೋ ರದ್ದುಪಡಿಸಿದೆಯೆಂದು ಎದುರು ಪಕ್ಷದವನ ಬಾಯಿಂದ ತಿಳಿದರೆ ಆಗುವ ಮುಖಭಂಗವು ಸಾಮಾನ್ಯವಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಫ್ರಾಂಕ್ ಶೆಪರ್ಡ್ ಎಂಬುವನು 1873ರಲ್ಲಿ ಇದಕ್ಕೊಂದು ಉಪಾಯವನ್ನು ಹೂಡಿದನು: ಪ್ರತಿಯೊಂದು ತೀರ್ಪನ್ನೂ ಮುಂದೆ ಯಾವ ಯಾವ ತೀರ್ಪು ಎತ್ತಿಹಿಡಿಯಿತು, ಯಾವುದು ತಿರಸ್ಕರಿಸಿತು ಎಂಬುದನ್ನು ಅಂಟುಚೀಟಿಗಳಲ್ಲಿ ಅಚ್ಚುಮಾಡಿ ಮಾರಲಾರಂಭಿಸಿದನು, ವಕೀಲರು ಅವನ್ನು ತಮ್ಮ ಕಾನೂನು ಪುಸ್ತಕಗಳ ಅಂಚಿನಲ್ಲಿ ಅಂಟಿಸಿಕೊಳ್ಳುತ್ತಿದ್ದರು.

ಈ ಮಾದರಿಯನ್ನು ನೋಡಿ ಯೂಜೀನ್ ಗಾರ್ಫೀಲ್ಡರು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದು, ವಿಜ್ಞಾನಕ್ಕೂ ಇಂಥ ಉಲ್ಲೇಖಸೂಚಿಯೊಂದು ಬೇಕೆಂದು ಸೂಚಿಸಿದರು. ಅವರು ಅಲ್ಲಿ ಮುಂದಿಟ್ಟ ಪ್ರಯೋಜನಗಳಲ್ಲಿ ಮುಖ್ಯವಾದುದು, ಖಂಡನೆಗೊಳಗಾದ ಅಥವಾ ಸದೋಷವಾದ ಫಲಿತಾಂಶಗಳನ್ನು ವಿಮರ್ಶೆಯಿಲ್ಲದೆ ಎತ್ತಿ ಎತ್ತಿ ಹೇಳುವ ದುರಭ್ಯಾಸವು ಇದರಿಂದ ತಪ್ಪುವುದೆಂಬುದು. ಫಿಲಡೆಲ್ಫಿಯದ ಅವರ ಸಂಸ್ಥೆಯು 1964ರಲ್ಲಿ 613 ಪತ್ರಿಕೆಗಳನ್ನು ಶೋಧಿಸಿ ಐದು ಸಂಪುಟಗಳ ಸೂಚಿಯನ್ನು ಹೊರತಂದಿತು. ಆ ಸಂಪುಟಗಳ ಸಂತತಿಯೇ ಇಂದಿನ ವೆಬ್ ಆಫ್ ಸೈನ್ಸ್. 2004ರಲ್ಲಿ ಸ್ಕೋಪಸ್ ಎಂಬ ಇನ್ನೊಂದು ಕೋಶವೂ, ಯಾರು ಬೇಕಾದರೂ ಹಣ ತೆರದೆ ಹುಡುಕಬಹುದಾದ ಗೂಗಲ್ ಸ್ಕಾಲರೂ ಬಂದುವು. ಈ ಇತಿಹಾಸದಲ್ಲಿ ನಾವು ಗಮನಿಸತಕ್ಕ ಅಂಶ ಒಂದೇ: ಈ ಉಪಕರಣವು ಹುಟ್ಟಿದ್ದು ಹೊಗಳಿಕೆಯನ್ನು ಎಣಿಸುವುದಕ್ಕಲ್ಲ, ಖಂಡನೆಯನ್ನು ಹುಡುಕುವುದಕ್ಕೆ.

ಈಗ ನಮ್ಮ ದರ್ಶನಕಾರರ ಕಡೆಗೆ ತಿರುಗೋಣ. ಕಂಡದ್ದನ್ನು ಮಾತ್ರ ನಂಬುತ್ತೇನೆಂದು ಚಾರ್ವಾಕನು ಹೇಳಿದರೂ, ಅವನು ಕೂಡ ತನ್ನ ತಂದೆ ಯಾರೆಂಬುದನ್ನು ತಾಯಿಯ ಮಾತಿನಿಂದಲೇ ತಿಳಿದವನು. ನಾವು ಅರಿತದ್ದರಲ್ಲಿ ಬಹುಪಾಲು ಪರರ ಮಾತಿನಿಂದ ಅರಿತದ್ದು. ಅದನ್ನೇ ನೈಯಾಯಿಕರು ಶಬ್ದಪ್ರಮಾಣವೆಂದು ಕರೆದು, ಆಪ್ತನಾದವನ ಉಪದೇಶಕ್ಕೆ ಮಾತ್ರ ಆ ಪದವಿಯನ್ನು ಕೊಟ್ಟರು. ಆಪ್ತನೆಂದರೆ ಯಾರು? ವಸ್ತುವನ್ನು ತಾನು ನೇರವಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳುವ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟವಾಗಿ ಹೇಳಿರುವುದು ಅವನ ಕಾಲವನ್ನು ನೆನೆದರೆ ಆಶ್ಚರ್ಯಕರವಾದ ಔದಾರ್ಯ. ಆ ಲಕ್ಷಣದಲ್ಲಿ ಇರುವುದನ್ನೂ ಇಲ್ಲದಿರುವುದನ್ನೂ ಎರಡನ್ನೂ ನಾವು ನೋಡಬೇಕು. ಅರಿವು ಇದೆ, ಪ್ರಾಮಾಣಿಕತೆ ಇದೆ. ಆಪ್ತನೆಂದು ಎಷ್ಟು ಮಂದಿ ಒಪ್ಪಿದರೆ ಆಪ್ತನಾಗುತ್ತಾನೆಂಬ ಲೆಕ್ಕ ಮಾತ್ರ ಎಲ್ಲಿಯೂ ಇಲ್ಲ.

ಇಲ್ಲಿಂದಲೇ ಪ್ರಾಮಾಣ್ಯದ ವಿವಾದವು ಮೊದಲಾಗುವುದು. ಜ್ಞಾನವು ಹುಟ್ಟಿದ ಮಾತ್ರದಿಂದ ಪ್ರಮಾಣವಾಗದು, ಅದರ ಕಾರಣದಲ್ಲಿ ಗುಣವಿದ್ದುದರಿಂದಲೂ ಅದನ್ನು ನಂಬಿ ನಡೆದಾಗ ಫಲವು ದೊರೆತುದರಿಂದಲೂ ಅದರ ಪ್ರಾಮಾಣ್ಯವು ಗೊತ್ತಾಗಬೇಕು ಎಂಬುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ನೀರೆಂದು ಕಂಡದ್ದು ನೀರೇ ಹೌದೆಂಬುದು ಕುಡಿದು ದಾಹ ಅಡಗಿದ ಮೇಲೆ ನಿಶ್ಚಯ. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಒಂದು ಜ್ಞಾನವನ್ನು ಸಮರ್ಥಿಸಲು ಇನ್ನೊಂದು ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗಿ ಅನವಸ್ಥೆಯೇ ಗತಿಯಾಗುವುದೆಂದು ಏಳನೆಯ ಶತಮಾನದ ಕುಮಾರಿಲ ಭಟ್ಟನು ವಾದಿಸಿದನು. ಆದುದರಿಂದ ಜ್ಞಾನವು ಸ್ವತಃ ಪ್ರಮಾಣವೇ. ಅದನ್ನು ಅಪ್ರಮಾಣವೆನ್ನಬೇಕಾದರೆ ಮಾತ್ರ ಹೊರಗಿನ ಕಾರಣ ಬೇಕು, ಅಂಥ ಕಾರಣಗಳು ಎರಡೇ. ಅದನ್ನು ಅಲ್ಲಗಳೆಯುವ ಬಾಧಕಜ್ಞಾನ ಒಂದು. ಅದು ಹುಟ್ಟಿದ ಮೂಲದಲ್ಲಿಯೇ ದೋಷವಿದೆಯೆಂಬ ತಿಳಿವು ಇನ್ನೊಂದು. ಈ ಬಾಧಕದ ಹುಡುಕಾಟಕ್ಕೂ ಆ ಧೀಮಂತನು ಮೇರೆಯನ್ನಿಟ್ಟನು: ಮೂರು ನಾಲ್ಕು ಜ್ಞಾನಗಳಷ್ಟರ ತನಕ ಪರೀಕ್ಷಿಸಿದರೆ ಸಾಕು, ಕಾರಣವಿಲ್ಲದೆ ಸಂದೇಹಿಸುತ್ತ ಕುಳಿತವನಿಗೆ ಯಾವ ವ್ಯವಹಾರವೂ ಸಾಗದು.

ಇವೆರಡರಲ್ಲಿ ಯಾವ ಪಕ್ಷವನ್ನು ಹಿಡಿದರೂ ನಮ್ಮ ತರುಣನ ಸಂಖ್ಯೆಗೆ ಆಶ್ರಯವು ದೊರೆಯದೆಂಬುದು ನನ್ನ ಭಾವನೆ. ಉಲ್ಲೇಖಗಳ ಎಣಿಕೆಯು ಪ್ರಾಮಾಣ್ಯವನ್ನು ಹೊರಗಿನಿಂದ ತರುವ ವ್ಯವಸ್ಥೆಯಂತೆ, ಆದುದರಿಂದ ನೈಯಾಯಿಕರ ಮತಕ್ಕೆ ಹತ್ತಿರವೆಂಬಂತೆ, ತೋರಬಹುದು. ಆದರೆ ನೈಯಾಯಿಕನು ಕೇಳಿದ್ದು ಕುಡಿದ ನೀರನ್ನು. ನೀರಿದೆಯೆಂದು ಹೇಳಿದವರ ಹಾಜರಿಪಟ್ಟಿಯನ್ನಲ್ಲ. ಒಬ್ಬ ಕುರುಡನು ಇನ್ನೊಬ್ಬ ಕುರುಡನ ಹೆಗಲು ಹಿಡಿದು ಸಾಗುವ ಸಾಲಿಗೆ ನಮ್ಮ ಶಾಸ್ತ್ರಕಾರರು ಅಂಧಪರಂಪರೆ ಎಂದು ಹೆಸರಿಟ್ಟಿದ್ದಾರೆ. ಆ ಸಾಲು ಹತ್ತು ಮಂದಿಯದಾದರೇನು, ಸಾವಿರ ಮಂದಿಯದಾದರೇನು, ಅದರಲ್ಲಿ ಕಣ್ಣುಳ್ಳವನು ಒಬ್ಬನಾದರೂ ಇರುವನೆ ಎಂಬುದೇ ಪ್ರಶ್ನೆ. ಮೂಲವನ್ನು ತೆರೆದೇ ನೋಡದೆ, ಮತ್ತೊಬ್ಬನ ಗ್ರಂಥಸೂಚಿಯಿಂದ ಒಂದು ಸಾಲನ್ನು ಎತ್ತಿ ತನ್ನ ಸೂಚಿಗೆ ಇಳಿಸಿಕೊಳ್ಳುವ ಅಭ್ಯಾಸವು, ಅಚ್ಚಿನ ತಪ್ಪನ್ನೂ ಪುಟಸಂಖ್ಯೆಯ ತಪ್ಪನ್ನೂ ಹಾಗೆಯೇ ನಕಲು ಮಾಡಿಕೊಂಡು, ಲೇಖನದಿಂದ ಲೇಖನಕ್ಕೆ ಹರಿದು ಬರುವುದನ್ನು ವಿಶ್ವವಿದ್ಯಾಲಯಗಳ ಪರಿಸರವನ್ನು ಬಲ್ಲವರು ಕಂಡೇ ಇದ್ದಾರೆ. ಕೋಶವು ಇವೆಲ್ಲವನ್ನೂ ಒಂದು, ಎರಡು, ಮೂರೆಂದು ಶ್ರದ್ಧೆಯಿಂದ ಎಣಿಸಿಕೊಳ್ಳುತ್ತದೆ.

ಈ ಎಣಿಕೆಯು ಎರಡೂ ಕಡೆಗೆ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಎರಡು ದೃಷ್ಟಾಂತಗಳು ಸಾಕು. 1998ರಲ್ಲಿ 'ಲಾನ್ಸೆಟ್' ಎಂಬ ಪ್ರಖ್ಯಾತ ವೈದ್ಯಕೀಯ ಪತ್ರಿಕೆಯಲ್ಲಿ, ಹನ್ನೆರಡು ಮಕ್ಕಳನ್ನು ಪರೀಕ್ಷಿಸಿ ಬರೆದ ಲೇಖನವೊಂದು ಪ್ರಕಟವಾಗಿ, ದಡಾರ ಮೊದಲಾದ ಮೂರು ರೋಗಗಳಿಗೆ ಕೊಡುವ ಲಸಿಕೆಗೂ ಆಟಿಸಂಗೂ ಸಂಬಂಧವಿದೆಯೆಂಬ ಭೀತಿಯನ್ನು ಲೋಕದಲ್ಲೆಲ್ಲ ಹಬ್ಬಿಸಿತು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಆ ಲೇಖನದ ಉಲ್ಲೇಖಸಂಖ್ಯೆಯು ಸಾವಿರಗಳಲ್ಲಿದೆ. ಅವುಗಳಲ್ಲಿ ಬಹುಪಾಲು ಅದನ್ನು ಖಂಡಿಸಿದವುಗಳು. ಬೈದವನೂ ಹೊಗಳಿದವನೂ ಎಣಿಕೆಯಲ್ಲಿ ಒಂದೇ. ಇನ್ನೊಂದು ದೃಷ್ಟಾಂತವು ಗ್ರೆಗೋರ್ ಮೆಂಡೆಲನದು. ಬ್ರುನ್ ನಗರದ ಮಠವಾಸಿಯಾದ ಅವನು ಬಟಾಣಿ ಗಿಡಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡು, 1866ರಲ್ಲಿ ತನ್ನ ಊರಿನ ನಿಸರ್ಗವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. 1900ರಲ್ಲಿ ಡೆ ಫ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಅದನ್ನು ಬೆಳಕಿಗೆ ತರುವವರೆಗೆ, ಮೂವತ್ತನಾಲ್ಕು ವರ್ಷ, ಅದನ್ನು ಹೆಸರಿಸಿದವರು ಬೆರಳೆಣಿಕೆಯಷ್ಟು ಮಂದಿ. ಆ ಮೂವತ್ತನಾಲ್ಕು ವರ್ಷಗಳಲ್ಲಿ ಬಟಾಣಿ ಗಿಡಗಳು ಮೆಂಡೆಲನ ನಿಯಮವನ್ನು ಒಂದು ದಿನವೂ ಮೀರಲಿಲ್ಲ.

ಹಾಗಾದರೆ ಈ ಕೋಶಗಳು ನಿರುಪಯುಕ್ತವೆ? ಹಾಗೆನ್ನುವುದು ಕೃತಘ್ನತೆಯಾದೀತು. ಅವುಗಳ ಸದುಪಯೋಗವು ಹೇಗಿರುವುದೆಂಬುದನ್ನು ಆ ಸಂಜೆ ನಾವಿಬ್ಬರೂ ಕುಳಿತು ನೋಡಿದೆವು. ಹುಡುಕಲು ಸ್ವತಃಪ್ರಾಮಾಣ್ಯವೆಂಬ ಮಾತನ್ನೇ ಆರಿಸಿಕೊಂಡೆವು. ಜಾನ್ ಟೇಬರ್ ಎಂಬ ವಿದ್ವಾಂಸರು, ಕುಮಾರಿಲನು ಸ್ವತಃಪ್ರಾಮಾಣ್ಯವೆಂದಾಗ ಏನನ್ನು ಅಭಿಪ್ರಾಯಪಟ್ಟನೆಂಬುದನ್ನೇ ಪ್ರಶ್ನೆಯಾಗಿಟ್ಟು 1992ರಲ್ಲಿ ಅಮೆರಿಕದ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದಾರೆ. ಅದರ ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ಹೋಗುವುದು ಹಳೆಯ ದಾರಿ. ಅದರ ಕೆಳಗಿದ್ದ ಸಂಖ್ಯೆಯನ್ನು ಒತ್ತಿ ಮುಂದಕ್ಕೆ ಹೋದಾಗ, 2001ರಲ್ಲಿ 'ಜರ್ನಲ್ ಆಫ್ ಇಂಡಿಯನ್ ಫಿಲಾಸಫಿ'ಯಲ್ಲಿ ಡ್ಯಾನ್ ಆರ್ನಾಲ್ಡರು ಅದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು, ಬೌದ್ಧರ ಪ್ರಮಾಣಶಾಸ್ತ್ರದ ಎದುರಿಗೆ ಮೀಮಾಂಸಕರ ನಿಲುವನ್ನು ಸಹಾನುಭೂತಿಯಿಂದ ಪರಿಶೀಲಿಸಿದ ಬರಹವು ಕಣ್ಣಿಗೆ ಬಿದ್ದಿತು. ಜೆ. ಎನ್. ಮೊಹಾಂತಿಯವರು 1966ರಲ್ಲಿ ಗಂಗೇಶೋಪಾಧ್ಯಾಯನ ಪ್ರಾಮಾಣ್ಯವಾದವನ್ನು ಕುರಿತು ಹೊರತಂದ ಗ್ರಂಥದಿಂದ ಹೊರಟರೆ ನೈಯಾಯಿಕರ ಪಕ್ಷದ ಸಂತತಿಯೂ ಹೀಗೆಯೇ ಬಿಚ್ಚಿಕೊಳ್ಳುತ್ತದೆ. ಹಿಂದೆ ಒಬ್ಬ ಪಂಡಿತನಿಗೆ ಕಾಶಿಗೂ ಮಿಥಿಲೆಗೂ ನಡೆದು ಕೇಳಬೇಕಾಗಿದ್ದ ಪೂರ್ವಪಕ್ಷ ಸಿದ್ಧಾಂತಗಳ ಸರಪಣಿಯು ನಮ್ಮ ಊಟದ ಹೊತ್ತಿಗೆ ಮೊದಲೇ ಮೇಜಿನ ಮೇಲೆ ಬಂದು ಕುಳಿತಿತು. ವಾಚಕನ ಕಾಲವನ್ನು ಉಳಿಸುವುದನ್ನು ಗ್ರಂಥಾಲಯದ ಪಂಚಸೂತ್ರಗಳಲ್ಲೊಂದಾಗಿ 1931ರಲ್ಲಿಯೇ ಸಾರಿ, ಮುಂದೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ಎಸ್. ಆರ್. ರಂಗನಾಥನ್ ಅವರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರೆಂದೇ ನಂಬುತ್ತೇನೆ. ಆದರೆ ಉಳಿದ ಕಾಲವು ಓದಿಗೆ ಸಲ್ಲಬೇಕಾದದ್ದು.

ಇಲ್ಲಿ ಇನ್ನೊಂದು ಎಚ್ಚರಿಕೆಯು ಅವಶ್ಯಕ. ಸ್ವತಃಪ್ರಾಮಾಣ್ಯವೆಂಬ ಅದೇ ಪದವನ್ನು ರೋಮನ್ ಲಿಪಿಯಲ್ಲಿ ಚಿಹ್ನೆಗಳಿಲ್ಲದೆ ಬರೆದಾಗ ಒಂದು ಪಟ್ಟಿ, ದೀರ್ಘಚಿಹ್ನೆ ಬಿಂದುಗಳೊಡನೆ ಬರೆದಾಗ ಇನ್ನೊಂದು ಪಟ್ಟಿ, ಎರಡು ಪದಗಳಾಗಿ ಬಿಡಿಸಿದಾಗ ಮತ್ತೊಂದು ಪಟ್ಟಿ ಬಂದಿತು. ಕನ್ನಡ ಲಿಪಿಯಲ್ಲಿ ಬರೆದಾಗ ಬಂದದ್ದು ತೀರ ಸ್ವಲ್ಪ. ಇದರಿಂದ, ಕನ್ನಡದಲ್ಲಿ ಈ ವಿಷಯವಾಗಿ ಯಾರೂ ಬರೆದೇ ಇಲ್ಲವೆಂದು ಹೇಳೋಣವೆ? ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದಕ್ಕೊಂದು ಕಟ್ಟುಪಾಡನ್ನು ವಿಧಿಸಿದ್ದಾರೆ: ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ದೀಪವಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಪ್ರಬುದ್ಧ ಕರ್ಣಾಟಕದ ಹಳೆಯ ಸಂಚಿಕೆಗಳಲ್ಲಿಯೂ ಸಾಹಿತ್ಯ ಪರಿಷತ್ತಿನ ಪತ್ರಿಕೆಯಲ್ಲಿಯೂ ಮಠಗಳ ಪ್ರಕಟಣೆಗಳಲ್ಲಿಯೂ ಇರುವ ವಿದ್ವತ್ತಿನ ಮಟ್ಟಿಗೆ ಈ ಕೋಶಗಳು ಇನ್ನೂ ಕತ್ತಲ ಕೋಣೆಗಳೇ. ಅಲ್ಲಿ ಕಾಣದ್ದು ಗಡಿಗೆಯ ದೋಷವಲ್ಲ, ದೀಪದ ಅಭಾವ.

ಆಕರವು ಸಿಕ್ಕದಿರುವ ಈ ಸಂಕಟವು ಯಂತ್ರಯುಗದ್ದೇನೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಶ್ರೀ ಮಧ್ವಾಚಾರ್ಯರು ತಮ್ಮ ಗ್ರಂಥಗಳಲ್ಲಿ ಉದಾಹರಿಸಿದ ಹಲವು ಶ್ರುತಿಸ್ಮೃತಿವಾಕ್ಯಗಳ ಮೂಲಗಳು ಇಂದು ಲಭ್ಯವಿಲ್ಲ. ಅವು ಎಲ್ಲಿವೆಯೆಂದು ಹದಿನಾರನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಆಕ್ಷೇಪವೆತ್ತಿದರು. ಕಾಲಗತಿಯಲ್ಲಿ ಎಷ್ಟೋ ಗ್ರಂಥಗಳು ನಷ್ಟವಾದುವೆಂದು ಮಾಧ್ವ ವಿದ್ವಾಂಸರು ಸಮಾಧಾನ ಹೇಳುತ್ತ ಬಂದಿದ್ದಾರೆ. ಚರ್ಚೆಯು ಇಂದಿಗೂ ಮುಗಿದಿಲ್ಲ. ಅದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದರೆ ಬೇರೆಯವರ ಉಲ್ಲೇಖಗಳ ಮೂಲಕವೇ ವಿದ್ವಾಂಸರಿಗೆ ಪರಿಚಿತವಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯಕೋಶಾಗಾರದ ಓಲೆಗಳಲ್ಲಿ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ ಹೊರಬಂದದ್ದನ್ನು ಬಲ್ಲ ಕನ್ನಡಿಗನು, ಸಿಗಲಿಲ್ಲವೆಂಬುದನ್ನು ಇರಲಿಲ್ಲವೆಂಬುದಾಗಿ ತಿದ್ದಿಕೊಳ್ಳುವ ಮುನ್ನ ಎರಡು ಸಲ ಯೋಚಿಸುವನು. ಹಾಗೆಯೇ, ಎಲ್ಲಿಯೋ ಇದ್ದೀತೆಂಬ ಸಾಧ್ಯತೆಯೊಂದೇ ಇದೆಯೆಂಬುದಕ್ಕೆ ಸಾಕ್ಷ್ಯವಾಗದೆಂಬುದನ್ನೂ ಅವನು ಮರೆಯಲಾರನು.

ಉಲ್ಲೇಖವೆಂಬುದು ನಿಜಕ್ಕೂ ಏನು? ನನಗೆ ತೋರುವಂತೆ, ಅದು ಮೊದಲಿಗೆ ಋಷಿಋಣದ ಒಪ್ಪಿಗೆ. ಹುಟ್ಟಿದವನು ದೇವತೆಗಳಿಗೂ ಪಿತೃಗಳಿಗೂ ಋಷಿಗಳಿಗೂ ಸಾಲಗಾರನೆಂದು ಹಿರಿಯರು ಹೇಳಿ, ಋಷಿಗಳ ಸಾಲವು ತೀರುವುದು ಅಧ್ಯಯನದಿಂದಲೇ ಎಂದರು. ಹೆಸರನ್ನು ಬರೆದುಕೊಂಡ ಮಾತ್ರಕ್ಕೆ ತೀರುವುದೆನ್ನಲಿಲ್ಲ. ನಮ್ಮ ಭಾಷ್ಯಕಾರರು ಎದುರಾಳಿಗಳನ್ನು 'ಕೆಲವರು', 'ಇತರರು' ಎಂದು ಹೆಸರಿಲ್ಲದೆ ಕರೆದು ನಮಗೆ ಇತಿಹಾಸದ ತೊಡಕನ್ನು ಉಳಿಸಿಹೋದದ್ದು ನಿಜ. ಆದರೆ ಆ 'ಕೆಲವರ' ವಾದವನ್ನು ಅವರ ಶಿಷ್ಯರಿಗಿಂತ ಬಲವಾಗಿ ಮಂಡಿಸಿದ ಮೇಲೆ ಮಾತ್ರ ಖಂಡನೆಗೆ ಕೈಹಾಕುತ್ತಿದ್ದರೆಂಬುದೂ ಅಷ್ಟೇ ನಿಜ. ನಮ್ಮ ಕಾಲದವರು ಹೆಸರನ್ನು ತಪ್ಪದೆ ಬರೆಯುತ್ತೇವೆ. ಓದಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದೇವೆಂದು ಹೇಳುವ ಧೈರ್ಯ ನನಗಿಲ್ಲ.

ಆದುದರಿಂದ ಆ ತರುಣನಿಗೆ ನಾನು ಕಡೆಗೆ ಹೇಳಿದ್ದು ಇಷ್ಟು. ಸಂಖ್ಯೆಯು ಬಾಗಿಲಿನ ಮೇಲಿನ ಹೆಸರುಹಲಗೆ. ಒಳಗೆ ಹೋದವರು ಎಷ್ಟು ಮಂದಿಯೆಂಬುದನ್ನು ಅದು ಹೇಳೀತು, ಒಳಗೇನಿದೆಯೆಂಬುದನ್ನು ಹೇಳದು. ಲೇಖನವನ್ನು ಮೊದಲು ಸ್ವತಃ ಪ್ರಮಾಣವೆಂಬಂತೆ ಶ್ರದ್ಧೆಯಿಂದ ಓದು. ಅನಂತರ ಅದನ್ನು ಉಲ್ಲೇಖಿಸಿದವರ ಪಟ್ಟಿಯನ್ನು ತೆರೆದು ಅದರಲ್ಲಿ ಸ್ತುತಿಯನ್ನಲ್ಲ, ಬಾಧಕವನ್ನು ಹುಡುಕು: ಇದನ್ನು ಅಲ್ಲಗಳೆದವರು ಯಾರು, ಇದರ ಮೂಲಸಾಮಗ್ರಿಯಲ್ಲಿ ದೋಷವನ್ನು ತೋರಿಸಿದವರು ಯಾರು, ಪತ್ರಿಕೆಯು ಇದನ್ನು ಹಿಂತೆಗೆದುಕೊಂಡಿದೆಯೆ? ಗುರುತರವಾದ ಮೂರು ನಾಲ್ಕು ಆಕ್ಷೇಪಗಳನ್ನು ಶೋಧಿಸಿ ನೋಡಿ ಅವು ನಿಲ್ಲವೆಂದು ಕಂಡರೆ, ಕುಮಾರಿಲನ ಅಪ್ಪಣೆ ಪಡೆದು ಬರೆಯಲು ಕುಳಿತುಕೋ. ಕೊನೆಗೆ ಒಪ್ಪುವವನು ನೀನೇ. ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸತಕ್ಕದ್ದು ಒಳಗಿನ ಸಾಕ್ಷಿಯೆಂದು ಮಧ್ವರು ಹೇಳಿದ್ದನ್ನು ನೆನೆ. ಆ ಸಾಕ್ಷಿಯ ಕೆಲಸವನ್ನು ಯಾವ ಕೋಶಕ್ಕೂ ಗುತ್ತಿಗೆ ಕೊಡಲು ಬಾರದು.

ಎರಡು ವಾರಗಳ ಮೇಲೆ ಅವನು ಮತ್ತೆ ಬಂದನು. ಎರಡೂ ಲೇಖನಗಳ ಅಚ್ಚುಪ್ರತಿ ತೆಗೆಸಿ, ಅಂಚಿನ ತುಂಬ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದನು. ಸಣ್ಣ ಲೇಖನವನ್ನು ಹೆಸರಿಸಿದ್ದ ಮೂರು ಬರಹಗಳನ್ನೂ ಓದಿದ್ದನು. ದೊಡ್ಡದರ ಮೇಲೆ ಬಂದ ಖಂಡನೆಗಳಲ್ಲಿ ನಾಲ್ಕನ್ನು ಆರಿಸಿ ಪರೀಕ್ಷಿಸಿದ್ದನು. "ದೊಡ್ಡದೇ ಸರಿ ಅಂತ ಕಾಣುತ್ತೆ, ಮೇಷ್ಟ್ರೇ. ಆದರೆ ಮೂರನೆಯ ಭಾಗದಲ್ಲಿ ಒಂದು ಕಡೆ ಸಣ್ಣದು ಹೇಳಿರೋದೇ ನಿಲ್ಲುತ್ತೆ" ಎಂದನು. ಯಾವುದಕ್ಕೆ ಎಷ್ಟು ಸೈಟೇಶನ್ ಎಂಬ ಮಾತನ್ನು ಅವನು ಆ ದಿನ ಎತ್ತಲಿಲ್ಲ, ನಾನೂ ಕೇಳಲಿಲ್ಲ.